‘ತೆರಿಗೆ ಕಡಿತ’ ಅಂದರೆ ಯಾವ ಕಡಿತ? ಸ್ವಂತ ದುಡಿಮೆಯವರ ಖರ್ಚಿಗೆ ಒಂದು ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ಸ್ವಂತವಾಗಿ ದುಡಿಯುವವರಿಗೆಂದು ಆದಾಯ ತೆರಿಗೆಯ ಬಗ್ಗೆ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಫೋಟೋ ತೆಗೆಯುವವರು, ಮನೆಪಾಠ ಹೇಳುವವರು, ನನ್ನ ಹಾಗೆ ಅನುವಾದ ಮಾಡುವವರು ಓದಲಿ ಅಂತ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಇಂಗ್ಲಿಷಿನಲ್ಲಿ ‘ಟ್ಯಾಕ್ಸ್ ಡಿಡಕ್ಟಿಬಲ್ ಎಕ್ಸ್‌ಪೆನ್ಸ್’ ಅನ್ನುವುದನ್ನು ಕನ್ನಡದಲ್ಲಿ ಏನನ್ನೋಣ? ಕೆಲಸಕ್ಕೆ ಮಾಡಿದ ಖರ್ಚನ್ನು ಆದಾಯದಲ್ಲಿ ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ ಹಾಕುತ್ತಾರಲ್ಲ, ಆ ಖರ್ಚಿಗೆ.

ಮೊದಲ ಕರಡಿನಲ್ಲಿ ‘ತೆರಿಗೆ ಕಡಿತವಾಗುವ ವೆಚ್ಚ’ ಎಂದು ಬರೆದಿದ್ದೆ. ಮನೆಯಿಂದಲೇ ಡಿಸೈನ್ ಕೆಲಸ ಮಾಡುವ ಗೆಳತಿಯೊಬ್ಬರಿಗೆ ಓದಲು ಕೊಟ್ಟೆ. ‘ಅಂದ್ರೆ ನಾನು ಖರ್ಚು ಮಾಡಿದ ದುಡ್ಡಲ್ಲೂ ತೆರಿಗೆ ಹಿಡೀತಾರಾ?’ ಎಂದು ಕೇಳಿದರು. ತಪ್ಪು ಅವರದ್ದಲ್ಲ. ಬಡ್ಡಿಯಲ್ಲಿ ತೆರಿಗೆ ಕಡಿತವಾಗುತ್ತದೆ ಅನ್ನುತ್ತೇವೆ ಅಲ್ವಾ, ಅದೇ ಜಾಡಿನಲ್ಲಿ ಅವರು ಓದಿದರು. ನಾನು ಬರೆದದ್ದು ಹೇಳಬೇಕಾದ ಮಾತಿಗೆ ಪೂರ್ತಿ ಉಲ್ಟಾ ಆಗಿತ್ತು.

ಆಮೇಲೆ ಗಮನಿಸಿದೆ. ‘ತೆರಿಗೆ ಕಡಿತ’ ಅನ್ನುವ ಒಂದೇ ಮಾತನ್ನು ನಾವು ಮೂರು ಕಡೆ ಬಳಸುತ್ತಿದ್ದೇವೆ. ಸರ್ಕಾರ ತೆರಿಗೆಯ ದರ ಇಳಿಸಿದರೆ ಅದು ತೆರಿಗೆ ಕಡಿತ. ಹಣ ಕೊಡುವವರು ತೆರಿಗೆ ಹಿಡಿದುಕೊಂಡು ಉಳಿದದ್ದನ್ನು ಕೊಟ್ಟರೆ ಅದೂ ತೆರಿಗೆ ಕಡಿತ, ನಮ್ಮಲ್ಲಿ ಟಿಡಿಎಸ್ ಅನ್ನುವುದು ಇದನ್ನೇ. ಖರ್ಚನ್ನು ಆದಾಯದಲ್ಲಿ ಕಳೆದರೆ ಅದಕ್ಕೂ ಅದೇ ಹೆಸರು. ಮೂರನೆಯದರಲ್ಲಿ ಕಡಿತವಾಗುವುದು ತೆರಿಗೆಯೇ ಅಲ್ಲ, ಆದಾಯ. ವರ್ಷದ ಗಳಿಕೆ 100, ಕೆಲಸದ ಖರ್ಚು 30, ತೆರಿಗೆ ನೂರಕ್ಕೆ 20 ಎಂದಿಟ್ಟುಕೊಳ್ಳಿ. ತೆರಿಗೆ ಬೀಳುವುದು ಉಳಿದ 70ಕ್ಕೆ, ಅಂದರೆ 14. ಖರ್ಚು ಕಳೆಯದಿದ್ದರೆ 20 ಆಗುತ್ತಿತ್ತು. ಉಳಿದದ್ದು 6 ಮಾತ್ರ. ಆದರೆ ‘ತೆರಿಗೆ ಕಡಿತ’ ಎಂದು ಓದಿದವರು 30 ಪೂರ್ತಿ ತೆರಿಗೆಯಲ್ಲೇ ಕಡಿಮೆಯಾಗುತ್ತದೆ, ಇನ್ನು ಕಟ್ಟುವುದೇ ಬೇಡ ಅಂದುಕೊಳ್ಳಬಹುದು. ಪದ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ಅದಕ್ಕೇ ಇಷ್ಟು ತಲೆ ಕೆಡಿಸಿಕೊಂಡಿದ್ದೇನೆ.

‘ವಿನಾಯಿತಿ’ ಇಲ್ಲಿ ಹೊಂದುವುದಿಲ್ಲ. ಅದು ತೆರಿಗೆಯಿಂದಲೇ ಹೊರಗಿಟ್ಟ ಆದಾಯದ ಮಾತು. ‘ರಿಯಾಯಿತಿ’ ತೆರಿಗೆಯ ಮೊತ್ತದಲ್ಲೇ ಕಡಿಮೆ ಮಾಡಿದಂತೆ ಕೇಳಿಸುತ್ತದೆ. ಹಳೆಯ ಲೆಕ್ಕದ ಮಾತು ‘ವಜಾ’ ನನಗೆ ತುಂಬ ಇಷ್ಟ. ಅದಕ್ಕೆ ಕಳೆಯುವುದು ಎಂಬ ಅರ್ಥವೇ ಇದೆ. ಆದರೆ ಈಗ ಅರ್ಜಿ ವಜಾ, ಕೆಲಸದಿಂದ ವಜಾ ಎಂದು ಕೇಳಿ ಕೇಳಿ, ‘ವಜಾ ಮಾಡಬಹುದಾದ ಖರ್ಚು’ ಅಂದರೆ ಅಧಿಕಾರಿ ತಳ್ಳಿಹಾಕುವ ಖರ್ಚು ಎಂದೇ ಓದುತ್ತಾರೆ. ಬೇಸರವಾದರೂ ಕೈಬಿಟ್ಟೆ.

ಮಾತಿನಲ್ಲಿ ಜಾಸ್ತಿ ಕೇಳುವುದು ‘ಖರ್ಚು ತೋರಿಸೋದು’. ಸಹಜವಾಗಿದೆ, ಎಲ್ಲರಿಗೂ ಗೊತ್ತು. ಆದರೆ ಅದರಲ್ಲಿ ಮಾಡದ ಖರ್ಚನ್ನೂ ಸುಮ್ನೆ ತೋರಿಸಿದ ವಾಸನೆ ಸ್ವಲ್ಪ ಇದೆ. ನ್ಯಾಯವಾಗಿ ರಸೀದಿ ಇಟ್ಟು ಕೇಳುವವರಿಗೆ ಆ ಪದ ಕೊಡಲು ನನಗೆ ಮನಸ್ಸಿಲ್ಲ.

ಇನ್ನೊಂದು ತೊಡಕು ಯಾವ ಖರ್ಚು ನಡೆಯುತ್ತದೆ ಎಂದು ಹೇಳುವಲ್ಲಿ. ಭಾರತದ ಆದಾಯ ತೆರಿಗೆ ಕಾನೂನಿನಲ್ಲೂ ಬ್ರಿಟನ್ನಿನ ಕಾನೂನಿನಲ್ಲೂ ಇರುವ ಮಾತು ‘ಹೋಲಿ ಅಂಡ್ ಎಕ್ಸ್‌ಕ್ಲೂಸಿವ್ಲಿ’. ‘ಸಂಪೂರ್ಣವಾಗಿ ಮತ್ತು ಪ್ರತ್ಯೇಕವಾಗಿ’ ಎಂದು ಬರೆದಿದ್ದೆ. ಓದಿದರೆ ಖರ್ಚನ್ನು ಬೇರೆ ಪುಸ್ತಕದಲ್ಲಿ ಬರೆದಿಡಬೇಕು ಅನ್ನಿಸುತ್ತದೆ! ಕನ್ನಡದಲ್ಲಿ ಈ ಕೆಲಸಕ್ಕೆ ಒಂದು ಅಕ್ಷರ ಸಾಕು, ಕೊನೆಯ ‘ಏ’. ‘ಪೂರ್ತಿಯಾಗಿ ಕೆಲಸಕ್ಕೆಂದೇ ಮಾಡಿದ ಖರ್ಚು’. ಬೇರೆ ಯಾವುದಕ್ಕೂ ಅಲ್ಲ ಅನ್ನುವುದು ಆ ‘ಏ’ಯಲ್ಲೇ ಬಂತು. ಅಮೆರಿಕದ ಕಾನೂನು ‘ಆರ್ಡಿನರಿ ಅಂಡ್ ನೆಸೆಸರಿ’ ಅನ್ನುತ್ತದೆ. ಅಲ್ಲಿ ‘ಆರ್ಡಿನರಿ’ ಅಂದರೆ ಆ ಕಸುಬಿನಲ್ಲಿ ವಾಡಿಕೆಯಾದದ್ದು. ‘ನೆಸೆಸರಿ’ ಅಂದರೂ ಅದಿಲ್ಲದೆ ಕೆಲಸ ನಡೆಯದು ಎಂದಲ್ಲ, ಕೆಲಸಕ್ಕೆ ಒದಗುವ, ತಕ್ಕದಾದ ಖರ್ಚು ಎಂದಷ್ಟೇ. ಅದನ್ನು ‘ಅನಿವಾರ್ಯ’ ಮಾಡಿಬಿಟ್ಟರೆ ಓದುವವರು ನ್ಯಾಯವಾದ ಖರ್ಚನ್ನೂ ಬಿಟ್ಟುಬಿಡುತ್ತಾರೆ.

ಹುಡುಕುವುದೇ ಬೇಡವಾದ ಪದವೆಂದರೆ ‘ಸವಕಳಿ’. ಕೆಲಸಕ್ಕೆ ಕೊಂಡ ಲ್ಯಾಪ್‌ಟಾಪಿನ ಬೆಲೆಯನ್ನು ಸಾಮಾನ್ಯವಾಗಿ ಕೆಲವು ವರ್ಷಗಳಿಗೆ ಹಂಚಿ ಕಳೆಯುತ್ತಾರಲ್ಲ, ಅದಕ್ಕೆ. ಸವೆದ ನಾಣ್ಯ ಕಣ್ಣ ಮುಂದೆ ಬರುತ್ತದೆ.

ಸದ್ಯಕ್ಕೆ ನಾನು ‘ಆದಾಯದಲ್ಲಿ ಕಳೆಯಬಹುದಾದ ಖರ್ಚು’ ಎಂದು ಬರೆದುಕೊಂಡಿದ್ದೇನೆ. ಶಾಲೆಯ ಕೂಡುವ ಕಳೆಯುವ ಲೆಕ್ಕವೇ ಆದ್ದರಿಂದ ಯಾರೂ ತಪ್ಪು ತಿಳಿಯರು. ಆದರೆ ಪುಟಕ್ಕೆ ಹತ್ತು ಸಲ ಬಂದರೆ ಉದ್ದವಾಗುತ್ತದೆ. ಮನಸ್ಸು ಎಳೆಯುತ್ತಿರುವುದು ‘ಮುರಿದುಕೊಳ್ಳು’ ಕಡೆಗೆ. ‘ಸಂಬಳದಲ್ಲಿ ಮುಂಗಡ ಮುರಿದುಕೊಂಡರು’ ಅನ್ನುತ್ತೇವಲ್ಲ, ಹಾಗೆ ‘ಗಳಿಕೆಯಲ್ಲಿ ಖರ್ಚು ಮುರಿದುಕೊಂಡೆ’. ತನ್ನ ಪಾಲಿಗೆ ಬರಬೇಕಾದ್ದನ್ನು ತಾನೇ ಕೇಳಿ ಪಡೆದ ಅರ್ಥ ಆ ‘ಕೊಳ್ಳು’ವಿನಲ್ಲಿ ಇದೆ. ತೊಂದರೆ ಏನೆಂದರೆ ಇದರಿಂದ ಹೆಸರುಪದ ಹುಟ್ಟುತ್ತಿಲ್ಲ. ‘ಮುರಿತ’ ಅಂದರೆ ಮೂಳೆ ನೆನಪಾಗುತ್ತದೆ.

ಖರ್ಚಿನ ಜೊತೆ ‘ಮುರಿದುಕೊಳ್ಳು’ ನಿಮ್ಮ ಕಡೆಯ ಮಾತಿನಲ್ಲಿ ಇದೆಯೇ? ಇದ್ದರೆ, ಹಾಗೆ ಮುರಿದುಕೊಂಡ ಮೊತ್ತವನ್ನು ಏನೆಂದು ಕರೆಯುತ್ತೀರಿ? ಲೆಕ್ಕ ಬರೆದು ಅನುಭವ ಇರುವವರು ದಯವಿಟ್ಟು ತಿಳಿಸಿ.