ಲೇಪ ಗಟ್ಟಿಯಾಗಿದೆ, ಆದರೂ ಬುಷ್ ಏಕೆ ಸವೆಯುತ್ತಿದೆ?

ಪ್ರಶ್ನೆ: ಮೇಡಂ, ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಪ್ಲೇಟಿಂಗ್ ಘಟಕ. ನಿಕಲ್ ದ್ರಾವಣಕ್ಕೆ ಸಿಲಿಕಾನ್ ಕಾರ್ಬೈಡ್ ಎಂಬ ಬಹಳ ಗಡಸಾದ ಪುಡಿ ಬೆರೆಸಿ ಪಂಪಿನ ಶಾಫ್ಟ್‌ಗಳಿಗೆ ಲೇಪ ಹಾಕುತ್ತೇವೆ. ಗಡಸುತನ ಬರಿಯ ನಿಕಲ್‌ಗಿಂತ ಹೆಚ್ಚೇ ಬಂದಿದೆ. ಆದರೆ ಶಾಫ್ಟ್ ತಿರುಗುವ ಕಂಚಿನ ಬುಷ್ ಎರಡೇ ವಾರಕ್ಕೆ ಸವೆದು ಹೋಗಿದೆ. ಲೀಟರಿಗೆ 40 ಗ್ರಾಂ ಇರುವ ಪುಡಿಯನ್ನು 80ಕ್ಕೆ ಏರಿಸಲೇ?

ಉತ್ತರ: ದಯವಿಟ್ಟು ಏರಿಸಬೇಡಿ. ದ್ರಾವಣದಲ್ಲಿ ಪುಡಿ ಹೆಚ್ಚಿದಂತೆ ಲೇಪದೊಳಗೆ ಸೇರುವ ಕಣ ಒಂದು ಮಟ್ಟದವರೆಗೆ ಏರಿ ನಿಲ್ಲುತ್ತದೆ; ಆಮೇಲೆ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಗಂಟಿನ ನಡುವೆ ನಿಕಲ್ ಇಳಿಯುವುದಿಲ್ಲ. ಅಂಥ ಕಣ ಉಜ್ಜಿದಾಗ ಕಿತ್ತು ಬರುತ್ತದೆ, ಬುಷ್ ಮತ್ತು ಶಾಫ್ಟ್ ನಡುವೆ ಸಿಕ್ಕಿ ಎರಡನ್ನೂ ಕೊರೆಯುತ್ತದೆ. ಗಡಸುತನದ ಅಂಕಿ ಇದನ್ನು ಹೇಳುವುದೇ ಇಲ್ಲ. ಕಣವನ್ನು ನಿಕಲ್ ಎಷ್ಟು ಬಿಗಿಯಾಗಿ ಹಿಡಿದಿದೆ ಎನ್ನುವುದೇ ಇಲ್ಲಿ ಮುಖ್ಯ. ಎಂಜಿನ್ ಸಿಲಿಂಡರುಗಳ ನಿಕಾಸಿಲ್ ಲೇಪವನ್ನೇ ನೋಡಿ. ಮಾಹ್ಲೆ ಕಂಪನಿ ಅದನ್ನು ತಂದದ್ದು 1967ರಲ್ಲಿ. ಅದರಲ್ಲಿ ಸಿಲಿಕಾನ್ ಕಾರ್ಬೈಡ್ ಇರುವುದು ತೂಕದಲ್ಲಿ ಸುಮಾರು 4 ಶೇಕಡಾ ಮಾತ್ರ. ಕಣ ಹಗುರವಾದ್ದರಿಂದ ಗಾತ್ರದಲ್ಲಿ ಅದೇ 10 ಶೇಕಡಾ ಆಗುತ್ತದೆ.

ಲೇಪ ಹಾಕಿದ ಮೇಲೆ ಶಾಫ್ಟನ್ನು ನುಣುಪು ಮಾಡುತ್ತೀರಾ? ಬೆಳಿಗ್ಗೆ ಟ್ಯಾಂಕಿನ ತಳ ಹೇಗಿರುತ್ತದೆ?

ಪ್ರಶ್ನೆ: ಇಲ್ಲ, ತೊಳೆದು ಒರೆಸಿ ಹಾಗೆಯೇ ಕಳುಹಿಸುತ್ತೇವೆ. ತಳದಲ್ಲಿ ಎರಡು ಬೆರಳಷ್ಟು ಬೂದು ಕೆಸರು ನಿಂತಿರುತ್ತದೆ. ಭೂತಗನ್ನಡಿಯಲ್ಲಿ ಶಾಫ್ಟ್ ಮೇಲೆ ಸಣ್ಣ ಗುಳಿಗಳು ಕಾಣುತ್ತವೆ, ಅದೂ ಒಂದೇ ಪಕ್ಕದಲ್ಲಿ.

ಉತ್ತರ: ಒಂದೇ ಪಕ್ಕ ಎಂದಿರಲ್ಲ, ಅಲ್ಲೇ ಸುಳಿವಿದೆ. ನೀವು ಶಾಫ್ಟನ್ನು ಅಡ್ಡಲಾಗಿ ಕಟ್ಟುತ್ತಿರಬೇಕು. ಮೇಲ್ಮುಖದ ಮೇಲೆ ಪುಡಿ ಮಳೆಯಂತೆ ಬಿದ್ದು ಗುಡ್ಡೆಯಾಗುತ್ತದೆ; ಅದು ಕಿತ್ತು ಬಂದ ಜಾಗವೇ ಗುಳಿ. ಶಾಫ್ಟನ್ನು ನಿಧಾನವಾಗಿ ತಿರುಗಿಸುತ್ತಲೇ ಲೇಪಿಸಿ. ಕಲಕುವುದು ಕಣ ತಳ ಸೇರದಷ್ಟು ಇರಲಿ. ತೀರಾ ಜೋರಾದರೆ ಅಂಟುವ ಮೊದಲೇ ಕೊಚ್ಚಿ ಹೋಗುತ್ತದೆ. ಒಣ ಪುಡಿಯನ್ನು ನೇರವಾಗಿ ಸುರಿಯಬೇಡಿ. ಸ್ವಲ್ಪ ದ್ರಾವಣದಲ್ಲಿ ಚೆನ್ನಾಗಿ ಕಲಸಿ, ರಾತ್ರಿಯಿಡೀ ಕಲಕುತ್ತಾ ನೆನೆಸಿ, ಆಮೇಲೆ ಟ್ಯಾಂಕಿಗೆ ಸೇರಿಸಿ.

ಇನ್ನು ನುಣುಪಿನ ಮಾತು. ಹೊರಚಾಚಿದ ಕಣಗಳಿರುವ ಶಾಫ್ಟ್ ಮೆತ್ತನೆಯ ಕಂಚಿಗೆ ಅರದಂತೆ. ವಜ್ರದ ಪುಡಿಯಿಂದ ಉಜ್ಜಿ ಮೇಲ್ಮೈ ಸಮ ಮಾಡಲೇಬೇಕು. ಸಾಮಾನ್ಯ ಎಮರಿ ಕಾಗದ ಮೆದುವಾದ ನಿಕಲ್ಲನ್ನು ತಿಂದು ಕಣವನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ.

ಇನ್ನೊಬ್ಬ ಸದಸ್ಯರು: ನಾವು ಸ್ಯಾಕರಿನ್ ಹಾಕುತ್ತೇವೆ, ಲೇಪ ಇನ್ನೂ ಗಟ್ಟಿಯಾಗುತ್ತದೆ. ಇವರಿಗೂ ಆಗಬಹುದೇ?

ಉತ್ತರ: ಆಗಬಹುದು, ನಿಕಲ್ಲಿನ ಹರಳು ಸಣ್ಣದಾಗುತ್ತದೆ, ಲೇಪದೊಳಗಿನ ಎಳೆತವೂ ತಗ್ಗುತ್ತದೆ. ಆದರೆ ಅದರಿಂದ ಲೇಪಕ್ಕೆ ಗಂಧಕ ಸೇರುತ್ತದೆ. ಬಿಸಿಯಲ್ಲಿ ದುಡಿಯುವ ಭಾಗಕ್ಕಾದರೆ ಬೇಡ, ಲೇಪ ಪೆಡಸಾಗಿ ಬಿರುಕು ಬಿಡುತ್ತದೆ.

ಶಾಫ್ಟಿನವರು ಮೊದಲು ಒಂದೇ ಒಂದು ತುಂಡಿಗೆ ಹೀಗೆ ಮಾಡಿ, ಬುಷ್‌ನಲ್ಲಿ ಒಂದು ದಿನ ಓಡಿಸಿ, ಒರೆಸಿದ ಬಿಳಿ ಬಟ್ಟೆಯಲ್ಲಿ ಹೊಳೆಯುವ ಕಪ್ಪು ಕಣ ಕಂಡಿತೇ ಎಂದು ಇಲ್ಲಿ ತಿಳಿಸಿ.