‘ಲೈವ್’ ತಂತಿಗೆ ಕನ್ನಡದಲ್ಲಿ ಏನನ್ನೋಣ? ಮಾಲ್ ತಾರಸಿಯ ಸೋಲಾರ್ ಬೋರ್ಡಿಗೆ ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ, ಸ್ವಲ್ಪ ಬೇಗನೇ ಬೇಕು. ಮೈಸೂರಲ್ಲಿ ಒಂದು ದೊಡ್ಡ ಶಾಪಿಂಗ್ ಮಾಲ್ ಮೇಲೆ 300 ಕಿಲೋವ್ಯಾಟ್ ಸೋಲಾರ್ ಕೂರಿಸ್ತಾ ಇದ್ದಾರೆ, ನನ್ನ ತಮ್ಮ ಆ ಕೆಲಸದಲ್ಲಿದ್ದಾನೆ, ತಾರಸಿ ಬಾಗಿಲಿಗೂ ಕೇಬಲ್ ಕೆಳಗಿಳಿಯೋ ಜಾಗಕ್ಕೂ ಕನ್ನಡದಲ್ಲಿ ಎಚ್ಚರಿಕೆ ಬೋರ್ಡು ಬರೆದುಕೊಡು ಅಂತ ನನಗೆ ಒಪ್ಪಿಸಿದಾನೆ. ಅವರ ಹತ್ರ ಈಗಿರೋ ಕರಡಲ್ಲಿ “ಜೀವಂತ ತಂತಿಗಳು, ಮುಟ್ಟಬೇಡಿ” ಅಂತಿದೆ, ಇಂಗ್ಲಿಷಿನ ‘ಲೈವ್’ (ಅಂದ್ರೆ ಮುಟ್ಟಿದ್ರೆ ಕರೆಂಟ್ ಹೊಡೆಯೋ) ಅನ್ನೋದರ ನೇರ ಅನುವಾದ. ಇದನ್ನ ಹಾಗೇ ಬಿಡೋಕೆ ನನಗೆ ಮನಸ್ಸಿಲ್ಲ. ಆ ಬೋರ್ಡನ್ನ ಓದೋರು ಇಂಜಿನಿಯರ್‌ಗಳಲ್ಲ, ಅವರಿಗೆ ವಿಷಯ ಗೊತ್ತೇ ಇರುತ್ತೆ. ಬೆಳಗ್ಗೆ ಪ್ಯಾನೆಲ್ ಒರೆಸೋಕೆ ಬರೋ ಹೆಂಗಸರು, ಎಸಿ ರಿಪೇರಿಯೋರು, ನೀರಿನ ಟ್ಯಾಂಕ್ ನೋಡೋಕೆ ಹತ್ತೋ ಹುಡುಗ, ಬೆಂಕಿ ಬಿದ್ರೆ ಅಗ್ನಿಶಾಮಕದವರು, ಇವರೆಲ್ಲ ಓದಬೇಕು.

ಮೊದಲು ಅಲ್ಲಿ ಏನಿದೆ ಅಂತ ಹೇಳ್ತೀನಿ, ಇಲ್ಲಾಂದ್ರೆ ಪದದ ಕಷ್ಟ ಗೊತ್ತಾಗಲ್ಲ. 1 ಕಿಲೋವ್ಯಾಟಿಗೆ ಸುಮಾರು 100 ಚದರಡಿ ಲೆಕ್ಕ, ಅಂದ್ರೆ 300ಕ್ಕೆ 30,000 ಚದರಡಿ ತಾರಸಿ ಬೇಕು. ಅಷ್ಟು ಜಾಗ ಊರೊಳಗೆ ಇರೋದು ಇಂಥ ಕಟ್ಟಡಗಳ ಮೇಲೇ, ಅದೂ ಅಲ್ಲದೆ ಮಾಲ್‌ಗಳಲ್ಲಿ ಎಸಿ ಜೋರಾಗಿ ಓಡೋದೂ ಬಿಸಿಲು ಜೋರಾಗಿರೋದೂ ಒಂದೇ ಹೊತ್ತಲ್ಲಿ, ಹಾಗಾಗಿ ಬಂದ ಕರೆಂಟೆಲ್ಲ ಹೆಚ್ಚುಕಮ್ಮಿ ಅಲ್ಲೇ ಖರ್ಚಾಗುತ್ತೆ. 550 ವ್ಯಾಟಿನ ಪ್ಯಾನೆಲ್ಲಾದ್ರೆ ಸುಮಾರು 545 ಬೇಕು. ದಿನಕ್ಕೆ ಕಿಲೋವ್ಯಾಟಿಗೆ 4 ಯೂನಿಟ್ಟಿನ ಹಾಗೆ ಸರಾಸರಿ 1200 ಯೂನಿಟ್ ಹುಟ್ಟುತ್ತೆ.

ಈಗ ಮುಖ್ಯ ವಿಷಯ. ಒಂದೊಂದು ಪ್ಯಾನೆಲ್ಲಲ್ಲಿ 50 ವೋಲ್ಟ್ ಆಸುಪಾಸು ಇರುತ್ತೆ, ಒಂದು ಸಾಲಲ್ಲಿ 18 ಪ್ಯಾನೆಲ್ ಒಂದಕ್ಕೊಂದು ಸೇರಿಸಿದ್ರೆ 900 ವೋಲ್ಟ್. ನಮ್ಮನೆ ಪ್ಲಗ್ಗಲ್ಲಿರೋದು 230. ಮೇಲಾಗಿ ಇದು ಡಿಸಿ, ಅಂದ್ರೆ ಬ್ಯಾಟರಿಯಲ್ಲಿರೋ ಹಾಗೆ ಒಂದೇ ದಿಕ್ಕಿಗೆ ಹರಿಯೋ ಕರೆಂಟು. ಮನೆಗೆ ಬರೋ, ದಿಕ್ಕು ಬದಲಾಯಿಸ್ತಾ ಇರೋ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತೆ, ಅದಕ್ಕೇ ಅದರಲ್ಲಿ ಕಿಡಿ ಹತ್ತಿದ್ರೂ ಆರೋಕೆ ಅವಕಾಶ ಇದೆ, ಡಿಸಿಯಲ್ಲಿ ಸೊನ್ನೆ ಅನ್ನೋದೇ ಬರಲ್ಲ, ಲೋಡ್ ಇರೋವಾಗ, ಅಂದ್ರೆ ಕರೆಂಟ್ ಹರೀತಿರೋವಾಗ, ವೈರು ಜೋಡಿಸೋ ಕನೆಕ್ಟರ್ ಕಿತ್ರೆ ಕಿಡಿ ಹಾಗೇ ಉರೀತಾ ನಿಲ್ಲುತ್ತೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಅಂದ್ರೆ ಪ್ಯಾನೆಲ್ಲಿಗೆ ಸ್ವಿಚ್ಚಿಲ್ಲ. ಕೆಳಗೆ ಮೇನ್ ಆಫ್ ಮಾಡಿ, ಇನ್ವರ್ಟರ್ (ಡಿಸಿಯನ್ನ ಎಸಿ ಮಾಡೋ ಪೆಟ್ಟಿಗೆ) ಆಫ್ ಮಾಡಿ, ಐಸೊಲೇಟರ್ (ಪ್ಯಾನೆಲ್ ಕಡೆಯ ವೈರನ್ನ ಬೇರ್ಪಡಿಸೋ ಸ್ವಿಚ್ಚು) ತಿರುಗಿಸಿ, ಪ್ಯಾನೆಲ್ಲಿಂದ ಐಸೊಲೇಟರ್ ತನಕದ ವೈರಲ್ಲಿ 900 ವೋಲ್ಟ್ ಇದ್ದೇ ಇರುತ್ತೆ.

ನಮ್ಮ ಮಾತು ಇಲ್ಲೇ ಕೈ ಕೊಡೋದು. ಕರೆಂಟಿನ ಬಗ್ಗೆ ನಾವು ಹೇಗೆ ಮಾತಾಡ್ತೀವಿ ನೋಡಿ: ಕರೆಂಟ್ ಬಂತು, ಕರೆಂಟ್ ಹೋಯ್ತು, ಕರೆಂಟ್ ತೆಗೆದ್ರು, ಕರೆಂಟ್ ಕೊಟ್ರು. ಎಲ್ಲೋ ದೂರದಿಂದ ಬರುತ್ತೆ, ವಾಪಸ್ ಹೋಗುತ್ತೆ. ನಮ್ಮ ಮಂಡ್ಯ ಜಿಲ್ಲೆ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಾಗಿಂದ ಅದು ನಿಜವೇ ಆಗಿತ್ತು, ಆಮೇಲೆ ಮೈಸೂರಿಗೆ ಬಂದಾಗಲೂ ಹಾಗೇ. ಕರೆಂಟ್ ಹೋಗಿದೆ ಅಂದ್ರೆ ಧೈರ್ಯವಾಗಿ ಮುಟ್ಟಬಹುದು ಅನ್ನೋ ನಂಬಿಕೆ ಆ ಮಾತೊಳಗೇ ಸೇರಿಕೊಂಡಿದೆ. ಮಾಲ್ ತಾರಸಿ ಮೇಲೆ ಆ ನಂಬಿಕೆ ಪ್ರಾಣ ತೆಗೆಯುತ್ತೆ, ಯಾಕಂದ್ರೆ ಅಲ್ಲಿ ಕರೆಂಟು ಬರೋದಲ್ಲ, ಅಲ್ಲೇ ಹುಟ್ಟೋದು.

ಇನ್ನೂ ಒಂದು ಗೋಜಲಿದೆ. ಹೊರಗಿನ ಲೈನಿನ ಕರೆಂಟ್ ಹೋದ ಕೂಡಲೇ ಇನ್ವರ್ಟರ್ ತಾನಾಗೇ ನಿಲ್ಲುತ್ತೆ, ನಿಲ್ಲಲೇಬೇಕು, ಇಲ್ಲಾಂದ್ರೆ ಬೀದಿ ಕಂಬದ ಮೇಲೆ ಕೆಲಸ ಮಾಡ್ತಿರೋ ಲೈನ್‌ಮನ್‌ಗೆ ಇಲ್ಲಿಂದ ಕರೆಂಟು ಹೋಗಿ ಹೊಡೆಯುತ್ತೆ. ಅಂಗಡಿಯೋರು ಕೇಳ್ತಾರೆ, “ಮೇಲೆ ಅಷ್ಟು ಸೋಲಾರ್ ಮಡಗವ್ರೆ, ಕರೆಂಟ್ ಹೋದ್ರೆ ಇದೂ ಯಾಕ್ ಹೋಗ್ತದೆ?” ಅಂತ. ಸರಿಯಾದ ಪ್ರಶ್ನೆನೇ. ಅಂಗಡಿಯಲ್ಲಿ ಲೈಟಿಲ್ಲ, ಜನರೇಟರ್ ಹಾಕೋ ತನಕ ಕತ್ತಲು, ಅದೇ ಹೊತ್ತಲ್ಲಿ ತಾರಸಿ ವೈರಲ್ಲಿ 900 ವೋಲ್ಟ್. ಕೆಳಗೆ ‘ಹೋಯ್ತು’, ಮೇಲೆ ‘ಹೋಗಿಲ್ಲ’. ಇದನ್ನ ಒಂದು ಬೋರ್ಡಲ್ಲಿ ಹೇಳಬೇಕು.

ನಾನು ನೋಡಿದ ಪದಗಳು, ಒಂದೊಂದರ ಬಗ್ಗೆ ನನಗನ್ನಿಸಿದ್ದು ಹೇಳ್ತೀನಿ.

‘ಸಜೀವ ತಂತಿ’ ಶಾಲೆ ಪಾಠದಲ್ಲಿ ಬರೋ ಪದ. ತಪ್ಪೇನಿಲ್ಲ, ಆದ್ರೆ ಅದನ್ನ ಪರೀಕ್ಷೆಯ ಹೊರಗೆ ಯಾರೂ ಬಾಯಲ್ಲಿ ಆಡಿದ್ದು ನಾನು ಕೇಳಿಲ್ಲ, ಒಂದೇ ನೋಟಕ್ಕೆ ಭಯ ಹುಟ್ಟಿಸೋ ಶಕ್ತಿ ಅದಕ್ಕಿಲ್ಲ.

‘ವಿದ್ಯುತ್ ಪ್ರವಹಿಸುತ್ತಿರುವ ತಂತಿ’ ಅಂತ ಪತ್ರಿಕೆಗಳಲ್ಲಿ ಬರೀತಾರೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಇಲ್ಲಿಗೆ ಅದು ನಿಜಕ್ಕೂ ತಪ್ಪು. ಐಸೊಲೇಟರ್ ಆಫ್ ಆಗಿದ್ರೆ ವೈರಲ್ಲಿ ಏನೂ ಪ್ರವಹಿಸ್ತಾ ಇರಲ್ಲ. ನಲ್ಲಿ ನಿಲ್ಲಿಸಿದ್ರೆ ನೀರು ಹರಿಯಲ್ಲ, ಆದ್ರೂ ಪೈಪೊಳಗೆ ಒತ್ತಡ ಇರುತ್ತಲ್ಲ ಹಾಗೆ. ಮುಟ್ಟಿದಾಗಲೇ ಹರಿಯೋಕೆ ಶುರುವಾಗೋದು, ನಮ್ಮ ಮೈ ಮೂಲಕ. ಹಾಗಾಗಿ ಹರಿವು, ಪ್ರವಾಹ ಇರೋ ಪದಗಳನ್ನೆಲ್ಲ ನಾನು ಬಿಟ್ಟಿದೀನಿ.

‘ಫೇಸ್ ಇದೆ’ ಅಂತಾರೆ ಮನೆ ವೈರಿಂಗ್ ಮಾಡೋರು. ಎಲ್ಲರಿಗೂ ಗೊತ್ತಿರೋ ಮಾತು, ಟೆಸ್ಟರ್ ಹಿಡಿದು ನೋಡಿ ಹೇಳೋದು. ಡಿಸಿಯಲ್ಲಿ ಫೇಸ್ ಇಲ್ಲ, ಪ್ಲಸ್ಸು ಮೈನಸ್ಸು ಎರಡೂ ಅಪಾಯವೇ, ಸಾಲದ್ದಕ್ಕೆ ಆ ಸಣ್ಣ ಟೆಸ್ಟರನ್ನ ಇಲ್ಲಿ ನಂಬೋ ಹಾಗೂ ಇಲ್ಲ, ಡಿಸಿ ಅಳೆಯೋ ಮೀಟರೇ ಬೇಕು. ಈ ಪದ ಹಾಕಿದ್ರೆ ಟೆಸ್ಟರ್ ತಗೊಂಡು ನೋಡೋಕೆ ನಾವೇ ಕಳಿಸಿದ ಹಾಗಾಗುತ್ತೆ.

‘ಚಾರ್ಜ್’. ಇದು ನನಗೆ ಬಹಳ ಇಷ್ಟವಾದ ಪದ. ಲೈನ್‌ಮನ್‌ಗಳು ಎಲ್‌ಸಿ (ಲೈನ್ ಕ್ಲಿಯರ್, ಅಂದ್ರೆ ಕರೆಂಟ್ ತೆಗೆದಿದೆ, ಕೆಲಸ ಮಾಡಬಹುದು ಅನ್ನೋ ಅನುಮತಿ) ತಗೊಂಡು ಕೆಲಸ ಮುಗಿಸಿ ಆಮೇಲೆ “ಲೈನ್ ಚಾರ್ಜ್ ಮಾಡಿ” ಅಂತಾರೆ, ಚಾರ್ಜ್ ಆಗಿರೋ ಲೈನು ಅಂದ್ರೆ ಮುಟ್ಟಬಾರದ ಲೈನು. ಕರೆಂಟ್ ಹರಿಯಲಿ ಬಿಡಲಿ, ಅಪಾಯ ಇದೆ ಅನ್ನೋ ಅರ್ಥ ಸರಿಯಾಗಿ ಕೂರುತ್ತೆ. ಆದ್ರೆ ಉಳಿದವರಿಗೆ ಚಾರ್ಜ್ ಅಂದ್ರೆ ಮೊಬೈಲು, ಇಲ್ಲಾ ಗಾಡಿ ಬ್ಯಾಟರಿ. “ಸದಾ ಚಾರ್ಜ್ ಆಗಿರುತ್ತದೆ” ಅಂತ ಬರೆದ್ರೆ ಒಳ್ಳೆ ಸುದ್ದಿ ಅಂದ್ಕೊಂಡಾರು.

ಹೀಗೆಲ್ಲ ನೋಡಿದ ಮೇಲೆ ನನಗನ್ನಿಸಿದ್ದು, ‘ಲೈವ್’ ಅನ್ನೋ ಗುಣವಾಚಕಕ್ಕೆ ಗುಣವಾಚಕವನ್ನೇ ಹುಡುಕೋದು ಬಿಟ್ಟು ಕ್ರಿಯಾಪದಕ್ಕೆ ಹೋಗೋಣ ಅಂತ. ನಮ್ಮ ಕಡೆ ಮಕ್ಕಳಿಂದ ಮುದುಕರ ತನಕ ಹೇಳೋದು “ಕರೆಂಟ್ ಹೊಡೀತದೆ” ಅಂತಲೇ. ಆ ‘ಹೊಡಿ’ಯಲ್ಲಿ ವೋಲ್ಟೇಜೂ ಇದೆ, ಅಪಾಯವೂ ಇದೆ. ಬೋರ್ಡು ಹೀಗೆ: “ಮೇನ್ ಆಫ್ ಮಾಡಿದ್ದರೂ ಈ ವೈರು ಹೊಡೆಯುತ್ತದೆ. 900 ವೋಲ್ಟ್. ಮುಟ್ಟಬೇಡಿ.”

ಇದಕ್ಕೆ ‘ಬಿಸಿಲಿರುವ ತನಕ’ ಅಂತ ಸೇರಿಸೋಣ ಅಂದ ತಮ್ಮನ ಜತೆಗಾರ. ಅದು ಬೇಡ ಅಂತ ನನ್ನ ಖಚಿತ ಅಭಿಪ್ರಾಯ. ಆಷಾಢದಲ್ಲಿ ಚಾಮುಂಡಿ ಬೆಟ್ಟವೇ ಕಾಣದ ಹಾಗೆ ಮೋಡ ಕವಿದಿದ್ರೆ, ಬಿಸಿಲಿಲ್ಲವಲ್ಲ ಅಂತ ಯಾರಾದ್ರೂ ಕೈ ಹಾಕ್ತಾರೆ. ಮೋಡ ಇದ್ರೆ ಉತ್ಪಾದನೆ ಬಹಳ ಇಳಿಯುತ್ತೆ, ವೋಲ್ಟೇಜ್ ಅಷ್ಟೇನೂ ಇಳಿಯಲ್ಲ. ಅದಕ್ಕೆ ‘ಹಗಲೆಲ್ಲಾ’ ಅಂತ ಹಾಕಬೇಕು, ಇಲ್ಲಾ ‘ಬೆಳಕಿರುವ ತನಕ’. ಎರಡರಲ್ಲಿ ‘ಹಗಲೆಲ್ಲಾ’ ಚಿಕ್ಕದು, ದೂರದಿಂದ ಓದಬಹುದು, ‘ಬೆಳಕು’ ಅಂದ್ರೆ ಬಲ್ಬಿನ ಬೆಳಕೂ ಆದೀತು.

ಮೇಲ್ಛಾವಣಿ ಅನ್ನೋ ಪದದ ಬಗ್ಗೆ ಜಗಳ ಬೇಡ, ಸರ್ಕಾರದ ಕಾಗದಗಳಲ್ಲಿ ಅದೇ ಇರಲಿ, ನಾನಂತೂ ‘ತಾರಸಿ’ ಅಂತಲೇ ಬರೀತೀನಿ. ನಮ್ಮ ಹಳೆ ಮನೆಗಳಲ್ಲಿ ‘ಬಿಸಿಲುಮಚ್ಚು’ ಅಂತಿದ್ರು, ಸೋಲಾರಿಗೆ ಅದಕ್ಕಿಂತ ಒಳ್ಳೆ ಜಾಗದ ಹೆಸರು ಇನ್ನೊಂದಿಲ್ಲ, ಆದ್ರೆ ಈಗಿನ ಹುಡುಗರಿಗೆ ತಿಳಿಯೋದು ಕಷ್ಟ.

ಜತೆಗೆ ಇನ್ನೊಂದು ಪದ, ಇದಕ್ಕೆ ಅವಸರವಿಲ್ಲ. ಹೊರಗಿನ ಲೈನ್ ಸತ್ತಿದ್ರೂ ಅದರ ಒಂದು ತುಂಡಿಗೆ ಮಾತ್ರ ಸೋಲಾರ್ ಕರೆಂಟ್ ಕೊಡ್ತಾ ಉಳಿಯೋದಕ್ಕೆ ‘ಐಲ್ಯಾಂಡಿಂಗ್’ ಅಂತಾರೆ, ಆಗದ ಹಾಗೆ ತಡೆಯೋದು ಇನ್ವರ್ಟರ್ ಕೆಲಸ. ‘ದ್ವೀಪೀಕರಣ’ ಅನ್ನೋದು ನನ್ನ ನಾಲಿಗೆಗೆ ಹೊರಳಲ್ಲ. ನಡುಗಡ್ಡೆ ಇದೆ, ಕುರುವ ಇದೆ, ಶ್ರೀರಂಗಪಟ್ಟಣದ ಹತ್ರ ಕಾವೇರಿಯೊಳಗಿನ ದಿಬ್ಬಗಳಿಗೆ ರಂಗನತಿಟ್ಟು ಅಂತ ಹೆಸರೇ ಇದೆ. ‘ತಿಟ್ಟುಗಟ್ಟು’ ಅಂದ್ರೆ ಹೇಗೆ? “ಕರೆಂಟ್ ಹೋದಾಗ ಇನ್ವರ್ಟರ್ ತಿಟ್ಟುಗಟ್ಟಬಾರದು”. ನನಗೆ ಸರಿ ಅನ್ಸುತ್ತೆ, ಆದ್ರೆ ತಿಟ್ಟು ಅನ್ನೋದು ಮಲೆನಾಡಿನವರಿಗೆ, ಉತ್ತರ ಕರ್ನಾಟಕದವರಿಗೆ ಇದೇ ಅರ್ಥದಲ್ಲಿ ಗೊತ್ತಾ? ಅಲ್ಲಿಯವರು ಹೇಳಿ.

ಬೋರ್ಡಿಗೆ ಸದ್ಯಕ್ಕೆ ನನ್ನ ಕರಡು ಇದು:

“ಅಪಾಯ! 900 ವೋಲ್ಟ್. ಸೋಲಾರ್ ವೈರು ಹಗಲೆಲ್ಲಾ ಹೊಡೆಯುತ್ತದೆ. ಕರೆಂಟ್ ಹೋಗಿದ್ದರೂ ಹೊಡೆಯುತ್ತದೆ, ಮೇನ್ ಆಫ್ ಮಾಡಿದ್ದರೂ ಹೊಡೆಯುತ್ತದೆ. ಮುಟ್ಟಬೇಡಿ, ಕನೆಕ್ಟರ್ ಕೀಳಬೇಡಿ.”

‘ಹೊಡೆಯುತ್ತದೆ’ ಬೋರ್ಡಿಗೆ ತೀರಾ ಆಡುಮಾತು ಆಯ್ತು, ‘ಶಾಕ್ ಹೊಡೆಯುತ್ತದೆ’ ಅಂತ ಪೂರ್ತಿ ಬರೀಬೇಕು ಅಂತ ಮನೆಯಲ್ಲೊಬ್ಬರು ಅಂದ್ರು. ಶಾಕ್ ಅಂದ್ರೆ ಜುಮ್ ಅಂದು ಬಿಡೋದು ಅನ್ನೋ ಹಗುರ ಅರ್ಥವೂ ಇದೆಯಲ್ಲ ಅಂತ ನನ್ನ ಅನುಮಾನ. ಲೈನ್‌ಮನ್ ಕೆಲಸ ಗೊತ್ತಿರೋರು, ಅಗ್ನಿಶಾಮಕದಲ್ಲಿ ಇರೋರು ಈ ಗುಂಪಲ್ಲಿದ್ರೆ ನಿಮ್ಮ ಕಡೆ ಬಾಯಲ್ಲಿರೋ ಪದ ಯಾವುದು ತಿಳಿಸಿ, ನಿಘಂಟಲ್ಲಿ ಇಲ್ಲದಿದ್ರೂ ಪರವಾಗಿಲ್ಲ.