ಮಿಸ್ಡ್ ಕಾಲ್ ಯಾರದು?

"ಅನ್ಯಗ್ರಹದವರ ಸಿಗ್ನಲ್ ಅಂತೆ ಕಣ್ರೋ! ಟೀವೀಲಿ ಕೆಂಪು ಬಾಣ ಹಾಕಿ ತೋರಿಸ್ತಿದಾರೆ," ಅಂದ ಶೀನು.

"ಎಷ್ಟು ಹೊತ್ತು ಬಂತಂತೆ?" ಮೇಷ್ಟ್ರು ಕೇಳಿದರು.

"ಕೆಲವೇ ಮಿಲಿಸೆಕೆಂಡ್."

"ಹಾಗಾದ್ರೆ ಮಿಸ್ಡ್ ಕಾಲ್ ಅನ್ನು."

"ಕಾಸು ಉಳಿಸೋರೇ ಇರಬೇಕು," ಅಂದರು ರಾಯರು.

"ಇದಕ್ಕೆ ಫಾಸ್ಟ್ ರೇಡಿಯೋ ಬರ್ಸ್ಟ್ ಅಂತಾರೆ, ಕ್ಷಣದಲ್ಲಿ ಬಂದು ಹೋಗೋ ರೇಡಿಯೋ ಮಿಡಿತ," ಅಂದರು ಮೇಷ್ಟ್ರು. "ಒಂದು ಮಿಲಿಸೆಕೆಂಡಲ್ಲಿ ಬೆಳಕು ಓಡೋದೇ 300 ಕಿಲೋಮೀಟರ್ ರಾಯರೇ. ಅಷ್ಟು ಬೇಗ ಹೊತ್ತಿ ಆರೋದು ತೀರಾ ದೊಡ್ಡದಿರೋ ಹಾಗಿಲ್ಲ. ಸುಮಾರು 20 ಕಿಲೋಮೀಟರ್ ಅಡ್ಡಗಲದ, ಸತ್ತ ದೊಡ್ಡ ನಕ್ಷತ್ರದ ಗಟ್ಟಿ ತಿರುಳಾದ ನ್ಯೂಟ್ರಾನ್ ನಕ್ಷತ್ರದ ಮೇಲೆ ಅನುಮಾನ ಬರೋದು ಅದಕ್ಕೇ."

"ಪಕ್ಕದ ಮನೆಯಿಂದ್ಲೇ ಬಂದಿದ್ರೆ?" ಕಿಟ್ಟಿ.

"ಬಂದಿತ್ತಲ್ಲ! ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕಕ್ಕೆ ಇಂಥವೇ ಬರ್ತಿದ್ವು. 2015ರಲ್ಲಿ ಕಳ್ಳ ಸಿಕ್ಕ: ಅಲ್ಲಿಯವರದೇ ಮೈಕ್ರೋವೇವ್ ಒಲೆ. ಟೈಮರ್ ಮುಗಿಯೋ ಮುಂಚೆ ಬಾಗಿಲು ತೆಗೆದ್ರೆ, ಒಳಗೆ ಅಲೆ ಹುಟ್ಟಿಸೋ ಮ್ಯಾಗ್ನೆಟ್ರಾನ್ ಆರೋದ್ರೊಳಗೆ ಒಂದು ಅಲೆ ಹೊರಗೆ ಬೀಳೋದು. ಅದು ಆಕಾಶದ ಬೇರೆ ಬೇರೆ ಕಡೆ ನೋಡೋ ರಿಸೀವರಿನ 13 ಬೀಮ್‌ಗೂ ಒಟ್ಟಿಗೇ ಬಡೀತಿತ್ತು, ಹತ್ತಿರದ್ದು ಅಂತ ಗೊತ್ತಾಗೋದೇ ಹಾಗೆ. ಆಕಾಶದ್ದು ಕೆಲವಕ್ಕೆ ಮಾತ್ರ. ಅದೇ ಪಾರ್ಕ್ಸ್‌ಗೆ 2001ರಲ್ಲಿ ಬಂದ ನಿಜವಾದ ಮಿಡಿತವನ್ನ ಖಗೋಳವಿಜ್ಞಾನಿ ಲೋರಿಮರ್ ತಂಡದವರು ಹಳೇ ದತ್ತಾಂಶದಲ್ಲಿ ಕಂಡು ಪ್ರಕಟಿಸಿದ್ದು 2007ರಲ್ಲಿ."

"ಆರು ವರ್ಷ ಬಿಟ್ಟು ಮಿಸ್ಡ್ ಕಾಲ್ ನೋಡಿದ್ರಾ! ನನ್ನ ಮಗನೇ ವಾಸಿ," ರಾಯರಿಗೆ ಸಮಾಧಾನ.

"ದೂರದಿಂದ ಅಂತ ಹೇಗೆ ಹೇಳ್ತೀರಿ?" ಕಿಟ್ಟಿ.

"ಹೆಚ್ಚು ಕಂಪನಾಂಕದ ಅಲೆ ಮೊದಲು ಬರತ್ತೆ, ಕಮ್ಮೀದು ಆಮೇಲೆ. ದಾರೀಲಿ ಎಲೆಕ್ಟ್ರಾನ್ ಹೆಚ್ಚಿದ್ದಷ್ಟೂ ತಡ. 2001ರ ಮಿಡಿತದಲ್ಲಿ ಆ ತಡ ನಮ್ಮ ಗ್ಯಾಲಕ್ಸಿಯ ಲೆಕ್ಕಕ್ಕಿಂತ ಹಲವು ಪಟ್ಟು ಹೆಚ್ಚಿತ್ತು."

"ನಂಬರ್ ಯಾರದು, ಅದು ಹೇಳಿ!" ಶೀನು ಬಿಡಲಿಲ್ಲ.

"ಒಂದು ಸಿಕ್ಕಿದೆ. 2020ರ ಏಪ್ರಿಲ್ 28, ನಮ್ಮದೇ ಗ್ಯಾಲಕ್ಸಿಯ ಎಸ್‌ಜಿಆರ್ 1935+2154. ಮ್ಯಾಗ್ನೆಟಾರ್, ಅಂದ್ರೆ ಭಾರೀ ಕಾಂತಕ್ಷೇತ್ರದ ನ್ಯೂಟ್ರಾನ್ ನಕ್ಷತ್ರ. ಭೂಮಿಯ ಕಾಂತಕ್ಷೇತ್ರ ಅರ್ಧ ಗಾಸ್ ಇದ್ರೆ, ಅದರದು ಒಂದರ ಮುಂದೆ 14 ಸೊನ್ನೆ, ಇನ್ನೂ ಹೆಚ್ಚು. ಕೆನಡಾದ ಚೈಮ್, ಅಮೆರಿಕದ ಸ್ಟೇರ್2, ಎರಡು ರೇಡಿಯೋ ದೂರದರ್ಶಕಗಳೂ ಹಿಡಿದವು. ಜೊತೆಗೇ ಎಕ್ಸ್-ಕಿರಣವೂ ಬಂತು."

"ಮುಗೀತು!"

"ಎಲ್ಲಿ ಮುಗೀತು? ಎಂ81 ಗ್ಯಾಲಕ್ಸಿಯ ಒಂದು ಗೋಳಗುಚ್ಛದಿಂದಲೂ, ಅಂದ್ರೆ ನಕ್ಷತ್ರಗಳ ದಟ್ಟ ಗುಂಪಿನಿಂದಲೂ, ಮತ್ತೆ ಮತ್ತೆ ಬಂದಿದೆ. ಅಲ್ಲಿರೋವೆಲ್ಲ ಮುದಿ ನಕ್ಷತ್ರ. ಮ್ಯಾಗ್ನೆಟಾರಿನ ಆರ್ಭಟ ಹತ್ತು ಸಾವಿರ ವರ್ಷದ ಆಸುಪಾಸಿನಲ್ಲಿ ಇಳಿದುಹೋಗತ್ತೆ, ಹಾಗಾಗಿ ಅಲ್ಲಿ ಅದು ಇರಬಾರದು. ಎರಡು ಶ್ವೇತಕುಬ್ಜ, ಅಂದ್ರೆ ಸತ್ತ ಸಣ್ಣ ನಕ್ಷತ್ರಗಳ ಉಳಿಕೆ, ಕೂಡಿ ಹೊಸ ಮ್ಯಾಗ್ನೆಟಾರ್ ಹುಟ್ಟಿರಬಹುದು ಅಂತ ಒಂದು ವಾದ. ನ್ಯೂಟ್ರಾನ್ ನಕ್ಷತ್ರ ಕುಸಿದು ಕಪ್ಪುಕುಳಿ ಆಗೋವಾಗಿನ ಕೊನೇ ಕೂಗು ಅನ್ನೋದು ಇನ್ನೊಂದು. ಆದ್ರೆ ಸತ್ತವರು ಎರಡನೇ ಸಲ ಕೂಗಲ್ಲವಲ್ಲ! 121102 ಅನ್ನೋ ಹೆಸರಿನ ಮಿಡಿತದ ಮೂಲ ಎಷ್ಟೋ ಸಲ ಕೂಗಿದೆ, 200 ಕೋಟಿ ವರ್ಷಕ್ಕೂ ಹಿಂದೆ ಹೊರಟು."

"ಆಗ ಇಲ್ಲಿ ಯಾರಿದ್ರು?"

"ಬರೀ ಸೂಕ್ಷ್ಮಜೀವಿಗಳು. ಎತ್ತೋಕೆ ಕೈ ಇರೋ ಪ್ರಾಣೀನೇ ಇರಲಿಲ್ಲ."

ರಾಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಪಾಪ. ಅಷ್ಟು ದೂರದಿಂದ..."

"ನಾವೇ ವಾಪಸ್ ಮಾಡೋಣ್ವಾ?" ಅಂದ ಶೀನು.

"ಮಾಡಪ್ಪ. ರೀಚಾರ್ಜ್ ಮಾತ್ರ ನಿಂದೇ."